ಮನಸ್ಸು ಹಗುರಾಗಲು ನೈಸರ್ಗಿಕ ಸುಗಂಧ: ಯಾವುದನ್ನು ಆರಿಸಬೇಕು, ಹೇಗೆ ಹಚ್ಚಿಕೊಳ್ಳಬೇಕು?

ಸಂಜೆಯ_ಬಸ್ಸು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ಬೆಂಗಳೂರಿಗೆ ಬಂದು ನಾಲ್ಕು ವರ್ಷಗಳಾದವು. ದಿನವಿಡೀ ಕಿಟಕಿಯಿಲ್ಲದ ಎ.ಸಿ. ಕೋಣೆಯಲ್ಲಿ ಕುಳಿತು ಲೆಕ್ಕಪತ್ರ ನೋಡುವ ಕೆಲಸ ನನ್ನದು. ಸಂಜೆ ಆರೂವರೆಗೆ ಬಸ್ಸು ಹತ್ತುವ ಹೊತ್ತಿಗೆ ಕಾರಣವೇ ಇಲ್ಲದೆ ಮನಸ್ಸಿಗೆ ಮಂಕು ಕವಿಯುತ್ತದೆ. ವೈದ್ಯರಿಗೆ ತೋರಿಸಿದ್ದೇನೆ, ರಕ್ತ ಪರೀಕ್ಷೆಯಲ್ಲಿ ತೊಂದರೆ ಕಂಡಿಲ್ಲ, ಆಪ್ತಸಮಾಲೋಚನೆಗೂ ಹೋಗುತ್ತಿದ್ದೇನೆ. ಆದ್ದರಿಂದ ಚಿಕಿತ್ಸೆಗೆ ಬದಲಿಯಾಗಿ ಇದನ್ನು ಕೇಳುತ್ತಿಲ್ಲ.

ಸಹೋದ್ಯೋಗಿಯೊಬ್ಬರು ಹುಟ್ಟುಹಬ್ಬಕ್ಕೆ ಕೊಟ್ಟ ಸೆಂಟು ಹಾಕಿಕೊಂಡರೆ ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ. ನೈಸರ್ಗಿಕವಾದುದನ್ನೇ ಬಳಸೋಣವೆಂದು ಅಂಗಡಿಯೊಂದರಲ್ಲಿ ‘ಶುದ್ಧ ಮಲ್ಲಿಗೆ ಎಸೆನ್ಶಿಯಲ್ ಆಯಿಲ್’ ಎಂದು ಬರೆದಿದ್ದ 10 ಮಿ.ಲೀ. ಬಾಟಲಿಯನ್ನು 180 ರೂಪಾಯಿಗೆ ಕೊಂಡೆ. ಅದು ಸ್ನಾನದ ಮನೆ ತೊಳೆಯುವ ದ್ರಾವಣದಂತೆ ನಾರುತ್ತದೆ. ಸುಗಂಧದಿಂದ ಮನಸ್ಸು ನಿಜವಾಗಿಯೂ ಹಗುರಾಗುತ್ತದೆಯೇ? ಆಗುವುದಾದರೆ ಯಾವುದನ್ನು ಆರಿಸಬೇಕು, ಎಲ್ಲಿ ಹಚ್ಚಿಕೊಳ್ಳಬೇಕು? ಬಳಸಿ ತಿಳಿದವರು ದಯವಿಟ್ಟು ಹೇಳಿ.

ಮರುಗ

ಆ ಬೆಲೆಗೆ ಸಿಕ್ಕಿದ್ದರೆ ಅದರಲ್ಲಿ ಮಲ್ಲಿಗೆ ಇಲ್ಲ, ಅಷ್ಟನ್ನು ಬಾಟಲಿ ತೆರೆಯದೆಯೇ ಹೇಳಬಹುದು.

ರಸಾಯನದ_ಮೇಷ್ಟ್ರು

ಮರುಗ ಅವರ ಮಾತಿಗೆ ಕಾರಣವನ್ನೂ ಸೇರಿಸುತ್ತೇನೆ. ಲಾವಂಚದ ಬೇರನ್ನೋ ಗಂಧದ ಚೇಗನ್ನೋ (ಮರದ ಒಳತಿರುಳನ್ನೋ) ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯುವಂತೆ ಮಲ್ಲಿಗೆಯಿಂದ ತೆಗೆಯಲು ಬರುವುದಿಲ್ಲ. ಬಿಸಿ ಹಬೆಗೆ ಆ ಹೂವಿನ ಪರಿಮಳವೇ ಕೆಡುತ್ತದೆ. ಆದ್ದರಿಂದ ಹೂವನ್ನು ಹೆಕ್ಸೇನಿನಂತಹ ದ್ರಾವಕದಲ್ಲಿ ನೆನೆಸಿ ಮೇಣದಂತಹ ‘ಕಾಂಕ್ರೀಟ್’ ತೆಗೆಯುತ್ತಾರೆ, ಅದನ್ನು ಆಲ್ಕೊಹಾಲಿನಲ್ಲಿ ತೊಳೆದು ‘ಅಬ್ಸಲ್ಯೂಟ್’ ಮಾಡುತ್ತಾರೆ. ಸುಮಾರು ಸಾವಿರ ಕಿಲೋ ಹೂವು ಸುರಿದರೆ ಕೈಗೆ ಬರುವುದು ಒಂದು ಕಿಲೋದ ಆಸುಪಾಸು. ಹೀಗಾಗಿ ‘ಬಟ್ಟಿ ಇಳಿಸಿದ ಮಲ್ಲಿಗೆ ಎಣ್ಣೆ’ ಎಂದು ಬರೆದಿರುವ ಬಾಟಲಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.

ಶ್ರೀಗಂಧಕ್ಕೂ ಇದೇ ಲೆಕ್ಕವನ್ನು ಹಾಕಿ ನೋಡಿ. ಕಿಲೋ ಗಂಧದೆಣ್ಣೆಗೆ ಬರಿಯ 1 ಲಕ್ಷ ರೂಪಾಯಿ ಎಂದು ಹಿಡಿದರೂ (ನಿಜವಾದ ಬೆಲೆ ಅದಕ್ಕಿಂತ ಹೆಚ್ಚು) 10 ಗ್ರಾಂ ಎಣ್ಣೆಗೇ 1,000 ರೂಪಾಯಿ ಆಗುತ್ತದೆ, ಬಾಟಲಿ, ತೆರಿಗೆ, ಅಂಗಡಿಯವರ ಲಾಭ ಎಲ್ಲ ಬೇರೆ. ಎಣ್ಣೆ ಕಟ್ಟುವುದು ಮರದ ಚೇಗಿನಲ್ಲಿ, ಚೇಗು ಬಲಿಯಲು ಹತ್ತಾರು ವರ್ಷ ಬೇಕು. ಒಳ್ಳೆಯ ಮಾರಾಟಗಾರರು ಜಿ.ಸಿ. (ಗ್ಯಾಸ್ ಕ್ರೊಮಟೋಗ್ರಫಿ, ಎಣ್ಣೆಯಲ್ಲಿ ಏನೇನು ಎಷ್ಟಿದೆ ಎಂದು ತಿಳಿಸುವ) ಪರೀಕ್ಷೆಯ ವರದಿ ಕೊಡುತ್ತಾರೆ. ನಮ್ಮ ಶ್ರೀಗಂಧದ ಎಣ್ಣೆಯಲ್ಲಿ ಅದರ ಮುಖ್ಯ ಪರಿಮಳದ ಅಂಶವಾದ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55ರಷ್ಟು ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ವರದಿ ಕೇಳಿದಾಗ ಮಾತು ಬದಲಿಸುವವರಿಂದ ಕೊಳ್ಳಬೇಡಿ.

ಪುರಾವೆ_ಎಲ್ಲಿ

ಬೆಲೆಯ ಮಾತು ಆಮೇಲಾಗಲಿ. ‘ಮನಸ್ಸು ನಿಜವಾಗಿಯೂ ಹಗುರಾಗುತ್ತದೆಯೇ’ ಎಂಬ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅರೋಮಾಥೆರಪಿ (ಸುಗಂಧ ಚಿಕಿತ್ಸೆ) ಎಂಬ ಹೆಸರನ್ನು ಬಳಕೆಗೆ ತಂದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗ್ಯಾಟ್‌ಫೊಸೆ, ಅದೂ 1937ರಲ್ಲಿ. ಪ್ರಾಚೀನ ಶಾಸ್ತ್ರವೆಂದು ಅದನ್ನು ಮಾರುವುದು ಸರಿಯಲ್ಲ. ಎರಡನೆಯದಾಗಿ, ಮಾತ್ರೆಯ ಪರೀಕ್ಷೆಯಲ್ಲಿ ರೋಗಿಗೆ ನಕಲಿ ಮಾತ್ರೆ ಕೊಟ್ಟು ಹೋಲಿಸಬಹುದು, ಆದರೆ ಲ್ಯಾವೆಂಡರ್ ಮೂಸಿದವನಿಗೆ ತಾನು ಏನನ್ನು ಮೂಸುತ್ತಿದ್ದೇನೆಂಬುದು ಕೂಡಲೇ ಗೊತ್ತಾಗುತ್ತದೆ. ಆಗ ಫಲ ಎಣ್ಣೆಯದೋ ನಿರೀಕ್ಷೆಯದೋ ಎಂದು ಬೇರ್ಪಡಿಸುವುದು ಹೇಗೆ? ನಿಂಬೆ ಉತ್ಸಾಹಕ್ಕೆ, ಗುಲಾಬಿ ಪ್ರೀತಿಗೆ, ಗಂಧ ಶಾಂತಿಗೆ ಎಂಬ ಪಟ್ಟಿಗಳನ್ನು ನಾನು ನಂಬುವುದಿಲ್ಲ.

ಮರುಗ

ಹೆಸರು 1937ರದು, ಸರಿ. ಆದರೆ ಗಂಧ ತೇಯ್ದು ಹಚ್ಚಿಕೊಳ್ಳುವುದು, ದವನ ಮುಡಿಯುವುದು ನಮ್ಮಲ್ಲಿ ಆ ಹೆಸರಿಗಾಗಿ ಕಾದು ಕುಳಿತಿರಲಿಲ್ಲವಲ್ಲ.

ಮೂಗು_ಕಿವಿ_ಗಂಟಲು

ಈ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಇಬ್ಬರ ಮಾತಿಗೂ ಸ್ವಲ್ಪ ಸೇರಿಸುತ್ತೇನೆ. ಕಣ್ಣು, ಕಿವಿಗಳ ಸಂದೇಶಗಳು ಮೆದುಳಿನ ಥಾಲಮಸ್ ಎಂಬ ಕೇಂದ್ರವನ್ನು ಹಾದು ಮುಂದಕ್ಕೆ ಹೋಗುತ್ತವೆ. ವಾಸನೆಯ ಸಂದೇಶವಾದರೋ ಮೆದುಳಿನ ಘ್ರಾಣಗೆಡ್ಡೆಯಿಂದ ಭಾವನೆಗೆ ಸಂಬಂಧಿಸಿದ ಅಮಿಗ್ಡಲಾವನ್ನು ನೇರವಾಗಿಯೇ ತಲುಪುತ್ತದೆ, ನೆನಪನ್ನು ಕಾಯುವ ಹಿಪ್ಪೊಕ್ಯಾಂಪಸ್ ಕೂಡ ಆ ದಾರಿಗೆ ಬಹಳ ಹತ್ತಿರದಲ್ಲಿದೆ. ಒಂದು ಪರಿಮಳ ಮೂಗಿಗೆ ಬಡಿದೊಡನೆ, ಅದು ಯಾವುದೆಂದು ಹೆಸರಿಸುವ ಮೊದಲೇ, ಹಳೆಯ ಮನೆಯ ಜಗಲಿ ಕಣ್ಣ ಮುಂದೆ ಬರುವುದು ಇದೇ ಕಾರಣಕ್ಕೆ.

ಪುರಾವೆ_ಎಲ್ಲಿ ಅವರ ಸಂದೇಹ ಸರಿಯೇ. ಮೂಸುವುದರ ಬಗೆಗಿನ ಅಧ್ಯಯನಗಳು ಸಣ್ಣವು, ಅವುಗಳ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ. ಲ್ಯಾವೆಂಡರ್ ಎಣ್ಣೆಯ ಕ್ಯಾಪ್ಸೂಲ್ ಆತಂಕಕ್ಕೆ ಸಹಾಯ ಮಾಡುತ್ತದೆಯೆಂದು ಜರ್ಮನಿಯಲ್ಲಿ ನಡೆದ ಪರೀಕ್ಷೆಗಳು ತೋರಿಸಿವೆ, ಆದರೆ ಅದು ಅಳತೆ ಮಾಡಿ ತಯಾರಿಸಿದ ಔಷಧ. ಅದನ್ನು ಕೇಳಿ ಬಾಟಲಿಯ ಎಣ್ಣೆಯನ್ನು ಯಾರೂ ನುಂಗಬಾರದು. ‘ಇಂಥ ಹೂವು ಇಂಥ ಭಾವನೆಗೆ’ ಎಂಬ ಪಟ್ಟಿಯನ್ನು ನಾನೂ ಒಪ್ಪುವುದಿಲ್ಲ. ಯಾವ ಪರಿಮಳ ಯಾರ ಮನಸ್ಸನ್ನು ಎತ್ತುತ್ತದೆ ಎಂಬುದನ್ನು ಬಹುಮಟ್ಟಿಗೆ ಅವರವರ ನೆನಪು ನಿರ್ಧರಿಸುತ್ತದೆ. ಆಸ್ಪತ್ರೆಯಲ್ಲಿ ಬಹಳ ದಿನ ನರಳಿದವರಿಗೆ ನೀಲಗಿರಿ ಎಣ್ಣೆಯ ವಾಸನೆ ತಾಜಾತನವನ್ನಲ್ಲ, ವಾರ್ಡನ್ನು ನೆನಪಿಸುತ್ತದೆ.

ದವನದ_ಹೊಲ

ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ದವನ ಬೆಳೆಯುತ್ತಿದ್ದೇವೆ, ಆದ್ದರಿಂದ ಅದರ ಬಗ್ಗೆ ಮಾತ್ರ ಅಧಿಕಾರದಿಂದ ಹೇಳಬಲ್ಲೆ. ಚಳಿಗಾಲದ ಆರಂಭದಲ್ಲಿ ಸಸಿ ನಾಟಿದರೆ ಸುಮಾರು ನಾಲ್ಕು ತಿಂಗಳಿಗೆ, ಹಳದಿ ಹೂವಿನ ಗುಂಡಿಗಳು ತುಂಬಿಕೊಂಡಾಗ ಕೊಯ್ಲು. ಕೊಯ್ದ ಸೊಪ್ಪನ್ನು ನೆರಳಿನಲ್ಲಿ ಬಾಡಿಸಿ ಬಟ್ಟಿಗೆ ಹಾಕುತ್ತಾರೆ. ಕೊಯ್ಲಿನ ದಿನಗಳಲ್ಲಿ ಅಂಗಿ ಒಗೆದರೂ ತೋಳಿನಲ್ಲಿ ಪರಿಮಳ ಉಳಿದಿರುತ್ತದೆ. ದವನದೆಣ್ಣೆ ನಮ್ಮಲ್ಲಿ ಪೂಜೆಯ ಸೊಪ್ಪಿನ ಎಣ್ಣೆ ಎಂದಷ್ಟೇ ಪರಿಚಿತ, ಹೊರದೇಶದ ಸುಗಂಧ ತಯಾರಕರು ಮಾತ್ರ ಅದನ್ನು ಹುಡುಕಿಕೊಂಡು ಬರುತ್ತಾರೆ.

ದವನದ ಒಂದು ಗುಣವನ್ನು ನೀವು ಪರೀಕ್ಷಿಸಲೇಬೇಕು. ಅದು ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಬಗೆಯಾಗಿ ಅರಳುತ್ತದೆಂದು ಸುಗಂಧದ ಕಸುಬಿನವರು ಹೇಳುತ್ತಾರೆ, ನಾನು ಕಂಡಿರುವುದೂ ಅದನ್ನೇ. ನನ್ನ ಕೈಯಲ್ಲಿ ಅದು ಒಣಹಣ್ಣಿನಂತೆ ಸಿಹಿಯಾಗುತ್ತದೆ, ನನ್ನ ಹೆಂಡತಿಯ ಕೈಯಲ್ಲಿ ಕಹಿ ಸೊಪ್ಪಿನ ಹಸಿ ವಾಸನೆಯೇ ಉಳಿಯುತ್ತದೆ. ಹಾಗಾಗಿ ಇನ್ನೊಬ್ಬರ ಕೈ ಮೂಸಿ ಯಾವ ಸುಗಂಧವನ್ನೂ ಕೊಳ್ಳಬೇಡಿ.

ದೋಹಾದಿಂದ_ಕರಾವಳಿಯವ

ಈ ಮಾತು ಬಹಳ ಸರಿ. ಇಲ್ಲಿನ ಅತ್ತರಿನ ಅಂಗಡಿಗಳಲ್ಲಿ ಗಾಜಿನ ಕಡ್ಡಿಯಿಂದ ಮುಂಗೈಯ ಮೇಲೆ ಒಂದು ಗೆರೆ ಎಳೆದು, ‘ಹೋಗಿ ಚಹಾ ಕುಡಿದು ಬನ್ನಿ’ ಎನ್ನುತ್ತಾರೆ. ಹಚ್ಚಿದ ಕೂಡಲೇ ಬರುವ ವಾಸನೆ ಕಾಲು ಗಂಟೆಯಲ್ಲಿ ಹಾರಿಹೋಗುತ್ತದೆ. ನಮ್ಮ ಜೊತೆ ದಿನ ಕಳೆಯುವುದು ಒಂದು ಗಂಟೆಯ ನಂತರ ಉಳಿಯುವ ಪರಿಮಳ. ನಿಂಬೆ, ಕಿತ್ತಳೆ ಬೇಗ ಹೋಗುತ್ತವೆ. ಗಂಧ, ಲಾವಂಚ, ಪಚೋಲಿ (ಒಂದು ಸುವಾಸನೆಯ ಸೊಪ್ಪು) ಸಂಜೆಯವರೆಗೂ ನಿಲ್ಲುತ್ತವೆ. ಒಂದೇ ದಿನ ಮೂರಕ್ಕಿಂತ ಹೆಚ್ಚು ಮೂಸಬೇಡಿ, ನಾಲ್ಕನೆಯದರ ಹೊತ್ತಿಗೆ ಮೂಗು ಸೋತಿರುತ್ತದೆ.

ಅಂಗಡಿ_ಬೀದಿ

ನಡುವೆ ಕಾಫಿ ಬೀಜ ಮೂಸಿದರೆ ಮೂಗು ಮತ್ತೆ ಚುರುಕಾಗುತ್ತದೆ.

ಮೂಗು_ಕಿವಿ_ಗಂಟಲು

ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಬರಿಯ ಗಾಳಿಗಿಂತ ಕಾಫಿ ಬೀಜ ಹೆಚ್ಚಿನದೇನನ್ನೂ ಮಾಡಲಿಲ್ಲ. ಹೊರಗೆ ಬಂದು ಎರಡು ನಿಮಿಷ ಉಸಿರಾಡಿದರೆ ಸಾಕು.

ಸಂಡಿಗೆ_ಮಾಳಿಗೆ

ನೈಸರ್ಗಿಕವೆಂದರೆ ನಿರಪಾಯ ಎಂದು ನಂಬಿ ನಾನು ಪಟ್ಟ ಪಾಡನ್ನು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಿಂಬೆಯ ಎಣ್ಣೆಯನ್ನು ಏನನ್ನೂ ಬೆರೆಸದೆ ಕುತ್ತಿಗೆಗೆ ಹಚ್ಚಿಕೊಂಡು, ಮಾಳಿಗೆಯ ಮೇಲೆ ಸಂಡಿಗೆ ಇಡಲು ಹೋದೆ. ಹನ್ನೊಂದರ ಬಿಸಿಲು. ಮರುದಿನ ಬೆಳಿಗ್ಗೆ ಎಣ್ಣೆ ಇಳಿದ ಜಾಡಿನಲ್ಲಿಯೇ ಕೆಂಪಾಗಿ ಬೊಕ್ಕೆ ಎದ್ದಿತ್ತು. ಬೊಕ್ಕೆ ವಾರದಲ್ಲಿ ಮಾಯಿತು, ಕಂದು ಗೆರೆ ಹೋಗಲು ಎಂಟು ತಿಂಗಳು ಹಿಡಿಯಿತು. ಬಾಟಲಿಯ ಮೇಲೆ ಬಿಸಿಲಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಇದನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ.

ರಸಾಯನದ_ಮೇಷ್ಟ್ರು

ನಿಮಗಾದದ್ದು ಅಪರೂಪದ ಘಟನೆಯಲ್ಲ. ನಿಂಬೆ, ಬರ್ಗಮಾಟ್ (ನಿಂಬೆಯ ಜಾತಿಯ ಒಂದು ಹಣ್ಣು) ಮುಂತಾದವುಗಳ ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆಯಲ್ಲಿ ಬರ್ಗಾಪ್ಟೆನ್‌ನಂತಹ ವಸ್ತುಗಳಿರುತ್ತವೆ, ಅವು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತವೆ. ಬಟ್ಟಿ ಇಳಿಸಿದ ನಿಂಬೆಯೆಣ್ಣೆಯಲ್ಲಿ ಈ ತೊಂದರೆ ಇಲ್ಲ. ದಾಲ್ಚಿನ್ನಿ ಮತ್ತು ಲವಂಗದ ಎಣ್ಣೆ ಬಿಸಿಲಿಲ್ಲದೆಯೂ ಚರ್ಮ ಕೆರಳಿಸುತ್ತವೆ. ಲ್ಯಾವೆಂಡರ್ ಕೂಡ ಹಳತಾದರೆ ಅದರ ಲಿನಲೂಲ್ ಎಂಬ ಪರಿಮಳದ ಅಂಶ ಗಾಳಿಯೊಡನೆ ಸೇರಿ ಅಲರ್ಜಿ ತರುವ ವಸ್ತುವಾಗಿ ಮಾರ್ಪಡುತ್ತದೆ. ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ತಣ್ಣಗಿನ, ಕತ್ತಲಿನ ಜಾಗದಲ್ಲಿಡಿ, ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ.

ಬೆರೆಸುವ ಲೆಕ್ಕ ಸುಲಭವಾದದ್ದು. ಒಂದು ಮಿ.ಲೀ. ಎಂದರೆ ಸುಮಾರು 20 ಹನಿ. 10 ಮಿ.ಲೀ. ರೋಲ್-ಆನ್ ಬಾಟಲಿಗೆ ಹೊಹೊಬಾ ಎಂಬ ಬೀಜದ ಎಣ್ಣೆಯನ್ನೋ, ಹೆಪ್ಪುಗಟ್ಟದಂತೆ ಸಂಸ್ಕರಿಸಿದ ತೆಂಗಿನೆಣ್ಣೆಯನ್ನೋ ತುಂಬಿ ಸಾರಭೂತ ತೈಲದ (ಎಸೆನ್ಶಿಯಲ್ ಆಯಿಲ್) 4 ಹನಿ ಹಾಕಿದರೆ ಶೇ. 2 ಆಯಿತು. ಮೊದಲ ಬಾರಿಗೆ ಅಷ್ಟು ಸಾಕು. ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು, ತುರಿಕೆ ಇಲ್ಲವೆಂದು ಖಚಿತವಾದ ಮೇಲೆ ಬಳಸಿ.

ರೇಷ್ಮೆ_ಸೀರೆ

ಎಣ್ಣೆಯ ಅತ್ತರನ್ನು ರೇಷ್ಮೆಗೆ ಮಾತ್ರ ತಾಗಿಸಬೇಡಿ. ಅಕ್ಕನ ಮದುವೆಯಲ್ಲಿ ನನ್ನ ಸೆರಗಿಗೆ ಬಿದ್ದ ಒಂದು ಹನಿ ಇಂದಿಗೂ ರೂಪಾಯಿ ಅಗಲದ ಕಲೆಯಾಗಿ ಉಳಿದಿದೆ. ಕಿವಿಯ ಹಿಂದೆ, ಮಣಿಕಟ್ಟಿನ ಒಳಬದಿಗೆ ಹಚ್ಚಿ, ಆರಿದ ಮೇಲೆ ಸೀರೆ ಉಡಿ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಬೇಡಿ, ಪರಿಮಳದ ಅಣುಗಳು ಒಡೆದುಹೋಗುತ್ತವೆ.

ರಸಾಯನದ_ಮೇಷ್ಟ್ರು

ಕಲೆಯ ಮಾತು ನಿಜ. ಆದರೆ ಉಜ್ಜಿದರೆ ಅಣು ಒಡೆಯುವುದಿಲ್ಲ ಮೇಡಂ. ಉಜ್ಜಿದ ಬಿಸಿಗೆ ಮೊದಲ ಪರಿಮಳ ಬೇಗ ಹಾರುತ್ತದೆ, ಅಷ್ಟೆ.

ರೇಷ್ಮೆ_ಸೀರೆ

ಹಾಗಾದರೂ ಉಜ್ಜಬಾರದು ಎಂಬುದೇ ಆಯಿತಲ್ಲ ಸರ್.

ಪಕ್ಕದ_ಮೇಜು

ಒಂದು ವಿನಂತಿ ನನ್ನದೂ ಇದೆ. ನನಗೆ ಆಸ್ತಮಾ. ನಮ್ಮ ಕಚೇರಿಯಲ್ಲಿ ಒಬ್ಬರು ಪ್ರತಿದಿನ ಅತ್ತರು ಹಚ್ಚಿಕೊಂಡು ಬರುತ್ತಾರೆ. ಒಂದೆರಡು ವಾರದಲ್ಲಿ ಅವರ ಮೂಗಿಗೆ ಅದು ಒಗ್ಗಿಹೋಯಿತು, ವಾಸನೆ ಕಡಿಮೆಯಾಗಿದೆಯೆಂದುಕೊಂಡು ಈಗ ಎರಡರಷ್ಟು ಹಚ್ಚುತ್ತಾರೆ. ಎ.ಸಿ. ಕೋಣೆಯಲ್ಲಿ ಕಿಟಕಿ ತೆರೆಯಲು ಬರುವುದಿಲ್ಲ, ನಾನು ಇನ್‌ಹೇಲರ್ ಹಿಡಿದು ಮೆಟ್ಟಿಲ ಮೇಲೆ ನಿಲ್ಲಬೇಕಾಗುತ್ತದೆ. ಹೂವಿನದಾಗಲಿ, ಕಾರ್ಖಾನೆಯದಾಗಲಿ, ನನ್ನ ಶ್ವಾಸಕೋಶಕ್ಕೆ ಎರಡೂ ಒಂದೇ. ನಿಮ್ಮ ಸುಗಂಧ ನಿಮ್ಮ ಮೂಗಿಗಷ್ಟೇ ತಲುಪುವಂತೆ ಹಚ್ಚಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಸಂಜೆಯ_ಬಸ್ಸು

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕಚೇರಿಯಿಂದ ಹೊರಬಂದ ಮೇಲಷ್ಟೇ ಹಚ್ಚಿಕೊಳ್ಳುತ್ತೇನೆ. ನನಗೆ ಬೇಕಾಗಿರುವುದೂ ಸಂಜೆಯ ಹೊತ್ತಿಗೇ.

ಬೆಂದಕಾಳು

ಎರಡು ವರ್ಷ ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನ್ನೌಜದ ಹತ್ತಿರ ಕೆಲಸದಲ್ಲಿದ್ದೆ. ಅಲ್ಲಿ ಇಂದಿಗೂ ಒಲೆಯ ಮೇಲೆ ತಾಮ್ರದ ‘ದೇಗ್’ ಇಟ್ಟು, ಹೂವು ನೀರು ತುಂಬಿ, ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತಿ, ಹಬೆಯನ್ನು ಬಿದಿರಿನ ಕೊಳವೆಯಲ್ಲಿ ‘ಭಪ್ಕಾ’ ಎಂಬ ಪಾತ್ರೆಗೆ ಹಾಯಿಸುತ್ತಾರೆ. ಭಪ್ಕಾ ನೀರಿನ ತೊಟ್ಟಿಯಲ್ಲಿ ಕುಳಿತಿರುತ್ತದೆ, ಅದರೊಳಗಿನ ಗಂಧದೆಣ್ಣೆ ಪರಿಮಳವನ್ನು ಹೀರಿಕೊಳ್ಳುತ್ತದೆ. ಗಂಧ ದುಬಾರಿಯಾದ ಮೇಲೆ ಅನೇಕರು ಅದರ ಜಾಗದಲ್ಲಿ ಲಿಕ್ವಿಡ್ ಪ್ಯಾರಾಫಿನ್ (ವಾಸನೆಯಿಲ್ಲದ ಖನಿಜ ಎಣ್ಣೆ) ಹಾಕುತ್ತಾರೆ. ಆದ್ದರಿಂದ ಅತ್ತರು ಕೊಳ್ಳುವಾಗ ‘ಯಾವ ಹೂವು’ ಎಂದು ಕೇಳುವಷ್ಟೇ ಗಟ್ಟಿಯಾಗಿ ‘ಯಾವ ಎಣ್ಣೆಯಲ್ಲಿ ಇಳಿಸಿದ್ದು’ ಎಂದೂ ಕೇಳಿ.

ಅಲ್ಲಿಯ ಮಿಟ್ಟಿ ಅತ್ತರನ್ನು ಒಮ್ಮೆ ಮೂಸಿ ನೋಡಿ. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಬಟ್ಟಿ ಇಳಿಸಿ ಮೊದಲ ಮಳೆಯ ವಾಸನೆಯನ್ನು ಹಿಡಿದಿಡುತ್ತಾರೆ. ರಾಯಚೂರಿನವನಾದ ನನಗೆ ಜೂನ್ ತಿಂಗಳ ಮೊದಲ ಮೋಡಕ್ಕಿಂತ ದೊಡ್ಡ ಸಂತೋಷವಿಲ್ಲ, ಆದ್ದರಿಂದ ಮನಸ್ಸು ಕುಗ್ಗಿದ ದಿನ ಅದನ್ನೇ ಹಚ್ಚಿಕೊಳ್ಳುತ್ತೇನೆ.

ಪುರಾವೆ_ಎಲ್ಲಿ

ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಮನಸ್ಸನ್ನು ಎತ್ತುತ್ತಿರುವುದು ಮಣ್ಣಿನ ಎಣ್ಣೆಯೋ ರಾಯಚೂರಿನ ಮಳೆಯೋ?

ಬೆಂದಕಾಳು

ರಾಯಚೂರಿನ ಮಳೆಯೇ ಇರಬಹುದು. ಅದನ್ನು ಬೆಂಗಳೂರಿನ ಬಾಡಿಗೆ ಕೋಣೆಗೆ ತರಲು ನನಗೆ ಬೇರೆ ದಾರಿಯಿಲ್ಲ.

ಕುಮಟೆಯ_ಅಜ್ಜಿ

ತಂಗೀ, ಇಷ್ಟೆಲ್ಲ ಓದಿದೆ. ಎಲ್ಲರೂ ಬಾಟಲಿಯ ಮಾತನ್ನೇ ಆಡುತ್ತಿದ್ದಾರೆ. ನಿನ್ನ ಮನೆಯಲ್ಲಿ ನೀನು ಹುಡುಗಿಯಾಗಿದ್ದಾಗ ಯಾವ ಪರಿಮಳ ಇತ್ತು ಎಂದು ಯಾರೂ ಕೇಳಲಿಲ್ಲವಲ್ಲ. ಮೊದಲು ಅದನ್ನು ಹೇಳು.

ಸಂಜೆಯ_ಬಸ್ಸು

ಅಜ್ಜಿ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಸುರಗಿ. ಮನೆಯ ಹಿಂದೆ ಸುರಗಿ ಮರವಿತ್ತು. ಬೇಸಿಗೆಯ ಶುರುವಿನಲ್ಲಿ ನಸುಕಿಗೇ ಎದ್ದು ಆಯಿ ಮರದ ಬುಡಕ್ಕೆ ಹಳೆಯ ಸೀರೆ ಹಾಸುತ್ತಿದ್ದಳು. ನಾವು ಮಕ್ಕಳು ಬಿದ್ದ ಹೂವನ್ನು ಆರಿಸಿ ಸರ ಮಾಡುತ್ತಿದ್ದೆವು. ಬಿಳಿಯ ಹೂವು ಎರಡು ದಿನದ ಬಿಸಿಲಿಗೆ ಕಂದಾಗಿ ಮುದುಡುತ್ತಿತ್ತು, ಪರಿಮಳ ಮಾತ್ರ ಹೋಗುತ್ತಿರಲಿಲ್ಲ. ಆ ಒಣ ಸರವನ್ನು ಆಯಿ ಸೀರೆಯ ಟ್ರಂಕಿನಲ್ಲಿ ಇಡುತ್ತಿದ್ದಳು. ಮದುವೆಗೋ ಮುಂಜಿಗೋ ಹೊರಡುವಾಗ ಟ್ರಂಕು ತೆರೆದರೆ ಇಡೀ ಕೋಣೆ ತುಂಬುತ್ತಿತ್ತು. ಹದಿನೈದು ವರ್ಷದಿಂದ ಆ ವಾಸನೆ ನನ್ನ ಮೂಗಿಗೆ ಬಿದ್ದಿಲ್ಲ.

ಕುಮಟೆಯ_ಅಜ್ಜಿ

ಹಾಗಾದರೆ ನಿನಗೆ ಲ್ಯಾವೆಂಡರ್ ಏಕೆ? ಇದು ಸುರಗಿಯ ಕಾಲ. ಆಯಿಗೆ ಫೋನು ಮಾಡಿ ಒಣಗಿದ ಸರ ಕಳುಹಿಸಲು ಹೇಳು. ಒಂದು ಗೇಣು ಸರವನ್ನು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ ಚೀಲದಲ್ಲಿಟ್ಟುಕೋ, ರಜೆಯ ದಿನ ತುರುಬಿಗೂ ಮುಡಿದುಕೋ. ನಾವು ಚೆನ್ನಾಗಿ ಒಣಗಿದ ಹೂವನ್ನು ತಲೆಯ ಕೊಬ್ಬರಿ ಎಣ್ಣೆಗೂ ಹಾಕಿ ಹದಿನೈದು ದಿನ ಇಡುತ್ತಿದ್ದೆವು. ಹಸಿ ಹೂವು ಹಾಕಬೇಡ, ನೀರಿನಂಶಕ್ಕೆ ಎಣ್ಣೆ ಕಮಟು ಹಿಡಿಯುತ್ತದೆ.

ಮೂಗು_ಕಿವಿ_ಗಂಟಲು

ಅಜ್ಜಿ ಹೇಳಿದ್ದನ್ನು ನಾನೂ ಒತ್ತಿ ಹೇಳುತ್ತೇನೆ. ಇದಕ್ಕೆ ಒಂದು ಸಣ್ಣ ಕ್ರಮವನ್ನು ಸೇರಿಸಿಕೊಳ್ಳಿ. ಇಡೀ ದಿನ ಮೂಸುತ್ತಿದ್ದರೆ ಮೂಗು ಒಗ್ಗಿಹೋಗಿ ಪರಿಮಳ ಕಾಣೆಯಾಗುತ್ತದೆ. ಬಸ್ಸಿನಲ್ಲಿ ಕುಳಿತ ಮೇಲೆ ಒಮ್ಮೆ, ಇಳಿಯುವ ಮೊದಲು ಒಮ್ಮೆ, ನಿಧಾನವಾಗಿ ಉಸಿರು ಎಳೆದುಕೊಂಡು ಮೂಸಿ. ಕೋವಿಡ್ ನಂತರ ವಾಸನೆ ಕಳೆದುಕೊಂಡವರಿಗೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ದಿನಕ್ಕೆರಡು ಬಾರಿ, ಹನ್ನೆರಡು ವಾರ ಮೂಸಲು ಹೇಳುತ್ತೇವೆ. ಅದರಲ್ಲೂ ಮುಖ್ಯವಾದದ್ದು ಗಮನವಿಟ್ಟು ಮೂಸುವುದು.

ವಾಸನೆ_ಮರಳಿದವ

ಆ ನಾಲ್ಕನ್ನು ಮೂಸಿದವರಲ್ಲಿ ನಾನೂ ಒಬ್ಬ. ಐದು ತಿಂಗಳು ಅನ್ನಕ್ಕೂ ಸಾರಿಗೂ ವಾಸನೆಯಿರಲಿಲ್ಲ. ವಾಸನೆಯಿಲ್ಲದ ಮನೆಯಲ್ಲಿ ಮನಸ್ಸು ಎಷ್ಟು ಕುಸಿಯುತ್ತದೆಂದು ನನಗೆ ಗೊತ್ತು. ಮೊದಲು ಮರಳಿದ್ದು ಲವಂಗ. ಆ ದಿನ ಡಬ್ಬಿ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಕುಳಿತುಬಿಟ್ಟಿದ್ದೆ.

ಸಂಜೆಯ_ಬಸ್ಸು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಆಯಿ ರಾತ್ರಿಯ ಬಸ್ಸಿಗೆ ನಾಲ್ಕು ಸರ ಕಳುಹಿಸಿದಳು. ಪೇಪರಿನಲ್ಲಿ ಸುತ್ತಿ, ಮೇಲೆ ಹಳೆಯ ಸೀರೆಯ ತುಂಡು ಕಟ್ಟಿದ್ದಳು. ಬಸ್‌ನಿಲ್ದಾಣದಲ್ಲಿ ಪೊಟ್ಟಣ ಕೈಗೆ ಬಂದಾಗ ಬಿಚ್ಚುವ ಮೊದಲೇ ಪರಿಮಳ ಬಂತು, ಅಲ್ಲಿಯೇ ಕಣ್ಣು ತುಂಬಿತು. ಇದರ ಜೊತೆಗೆ ಮೇಷ್ಟ್ರು ಹೇಳಿದ ಲೆಕ್ಕದಲ್ಲಿ ಲಾವಂಚದ ಎಣ್ಣೆಯ 4 ಹನಿಯನ್ನು ರೋಲ್-ಆನ್ ಬಾಟಲಿಗೆ ಬೆರೆಸಿಕೊಂಡಿದ್ದೇನೆ, ಕಚೇರಿಯಿಂದ ಹೊರಬಂದು ಎಡ ಮಣಿಕಟ್ಟಿಗೆ ಮಾತ್ರ ಹಚ್ಚುತ್ತೇನೆ. ದವನವನ್ನೂ ಪರೀಕ್ಷಿಸಿದೆ, ನನ್ನ ಚರ್ಮದ ಮೇಲೆ ಅದು ಕಹಿಯಾಗಿಯೇ ಉಳಿಯಿತು.

ಕೊನೆಯ ಹತ್ತು ಕೆಲಸದ ದಿನಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆರು ಸಂಜೆ ಮನಸ್ಸು ಸ್ಪಷ್ಟವಾಗಿ ಹಗುರಾಗಿತ್ತು. ಮೂರು ಸಂಜೆ ಯಾವ ವ್ಯತ್ಯಾಸವೂ ಇರಲಿಲ್ಲ. ಒಂದು ಸಂಜೆ ಮನೆಯ ನೆನಪು ಹೆಚ್ಚಾಗಿ ಇನ್ನಷ್ಟು ಭಾರವಾಯಿತು. ಆಪ್ತಸಮಾಲೋಚಕರಿಗೂ ಇದನ್ನು ಹೇಳಿದ್ದೇನೆ.

ಪುರಾವೆ_ಎಲ್ಲಿ

ಮೂರನ್ನೂ ಒಂದನ್ನೂ ಬಿಡದೆ ಬರೆದದ್ದಕ್ಕೆ ಧನ್ಯವಾದ. ಮುಂದಿನ ಎರಡು ವಾರ ದಿನ ಬಿಟ್ಟು ದಿನ ಮೂಸಿ, ಮೂಸದ ಸಂಜೆಯನ್ನೂ ಬರೆಯಿರಿ. ಆಗ ಹೋಲಿಸಲು ಒಂದು ಆಧಾರ ಸಿಗುತ್ತದೆ.

ಸಂಜೆಯ_ಬಸ್ಸು

ಖಂಡಿತ ಬರೆಯುತ್ತೇನೆ. ಅಜ್ಜಿ, ಮಳೆಗಾಲದಲ್ಲಿ ಸರಕ್ಕೆ ಹುಳು ಹಿಡಿಯದಂತೆ ಏನು ಮಾಡಬೇಕು? ಇನ್ನೂ ಮೂರು ಸರ ಹಾಗೆಯೇ ಇವೆ.

ಕುಮಟೆಯ_ಅಜ್ಜಿ

ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡ, ಬೆವರುತ್ತದೆ. ಈಗಲೇ ಇನ್ನೊಂದು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬು. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ತೆಗೆದು ಮತ್ತೆ ಒಣಗಿಸು. ಆಯಿಗೆ ನನ್ನ ನಮಸ್ಕಾರ ಹೇಳು.